ಕರಿನಾಯಿಗೆ ಅಜ್ಜಿ ಕಟ್ಟಿದ ಮುದ್ದೆ

ಒಸಿ ತಡೀರಿ. ಉಸಾರಿಲ್ಲದ ನಾಯಿಗೆ ಯಾವ ಊಟ ಸರಿ ಅಂತ ಹುಡುಕ್ತಿದ್ರೆ, ಅಂಗಡಿಗೆ ಓಡೋಕೆ ಮುಂಚೆ ಇದನ್ನ ಕೇಳಿಸ್ಕಳಿ. ನಾನೇನು ಡಾಕ್ಟರಲ್ಲ, ಫೋನಲ್ಲಿ ನೋಡಿ ನೋಡಿ ಕಲ್ತವ್ನು. ಅದ್ಕೇ ಮೊದ್ಲು ತಪ್ಪು ಮಾಡಿದ್ದೂ ನಾನೇ.

ಬಿಂಡಿಗನವಿಲೆ ತಾವ ನಮ್ಮೂರು. ನಮ್ಮ ಕುರಿ ಹಿಂದೆ ಹೋಗೋ ಕರಿನಾಯಿ ಒಂದದೆ, ಎಂಟೊಂಬತ್ತು ವರ್ಷದ್ದು. ಹೋದ ವರ್ಷ ಯಾಕೋ ಸೊರಗ್ದಂಗೆ ಕಾಣ್ತು. ಶಕ್ತಿ ಬರ್ಲಿ ಅಂತ ನಾಗಮಂಗಲದಿಂದ ನಾಯಿ ತಿಂಡಿದು ಒಂದು ಚೀಲ ತಂದೆ. ಚೀಲದ ಮೇಲಿದ್ದ ನಾಯಿ ಪೈಲ್ವಾನ್ ಇದ್ದಂಗಿತ್ತು. ಅದು ನಾಯಿಮರಿಗಳಿಗೆ ಹಾಕೋದು, ಕೊಬ್ಬು ಜಾಸ್ತಿ ಅಂತ ಹಿಂದ್ಗಡೆ ಬರ್ದಿದ್ರು. ನಾನು ತಿರುಗ್ಸಿ ನೋಡ್ನೇ ಇಲ್ಲ. ಸಾಲ್ದು ಅಂತ ಭಾನುವಾರದ ಬಾಡಿನ ಚರ್ಬಿನೂ ಕಲಸಿ ಇಕ್ದೆ.

ಎರಡು ದಿನಕ್ಕೆ ವಾಂತಿ. ಬೆನ್ನು ಗೂನು ಮಾಡ್ಕೊಂಡು ನಿಂತ್ಕೊಂತು, ನೀರೂ ಮುಟ್ನಿಲ್ಲ.

ಆಟೋದಲ್ಲಿ ಮಲಗ್ಸ್ಕೊಂಡು ಆಸ್ಪತ್ರೆಗೆ ಹೋದೆ. ಡಾಕ್ಟರಮ್ಮ ಹೊಟ್ಟೆ ಒತ್ತಿ ನೋಡಿ, ರಕ್ತ ಪರೀಕ್ಷೆ ಮಾಡ್ಸಿ, "ಮೇದೋಜೀರಕ ಗ್ರಂಥಿ ಊದ್ಕೊಂಡಿದೆ. ಇದಕ್ಕೆ ಕೊಬ್ಬು ಅರಗಲ್ಲ. ಇನ್ನೊಂದ್ಸಲ ಜೋರಾಗಿ ಹಿಂಗಾದ್ರೆ ಉಳಿಯೋದು ಕಷ್ಟ" ಅಂದ್ರು. ಮೂರು ದಿನ ಡ್ರಿಪ್ಪು ಹಾಕಿದ್ರು. ಆಮೇಲೆ ಕೊಬ್ಬು ಕಮ್ಮಿ ಇರೋ ಆಹಾರ ಯಾವುದು ಅಂತ ಚೀಟಿ ಬರ್ಕೊಟ್ರು.

ಆ ಕಾಳುಕಾಳಾಗಿರೋ ತಿಂಡಿ ತಂದು ತಟ್ಟೇಲಿ ಇಟ್ರೆ ನಾಯಿ ಮೂಸಿ ಮುಖ ತಿರುಗುಸ್ತು. ನಮ್ಮಜ್ಜಿ ನಕ್ಕಿದ್ದೇ ನಕ್ಕಿದ್ದು. "ಕುರಿ ಹಿಕ್ಕೆ ಇದ್ದಂಗದೆ ಕಣ್ಲಾ! ದಿನಾ ಕುರಿ ಹಿಂದೆ ಇದನ್ನೇ ನೋಡ್ಕೊಂಡು ಬತ್ತದೆ, ಮನೇಲೂ ಇದನ್ನೇ ತಿಂದಾತಾ?"

ಎರಡು ದಿನ ಉಪವಾಸ. ಮೂರನೇ ದಿನ ಬೆಳಿಗ್ಗೆ ನೋಡ್ತೀನಿ, ಅಜ್ಜಿ ಕೈಯಿಂದ ರಾಗಿಮುದ್ದೆ ನುಂಗ್ತಾ ಕೂತದೆ. ನಂಗೆ ಖುಷಿಯೋ ಖುಷಿ. ಬರೀ ಮುದ್ದೆ ತಾನೇ, ಉಣ್ಲಿ ಬುಡು ಅಂದ್ಕೊಂಡೆ. ಸಾಯಂಕಾಲಕ್ಕೆ ಮತ್ತೆ ಬೆನ್ನು ಗೂನು. ಮಿಕ್ಕಿದ್ದ ಮುದ್ದೆ ಮುರಿದು ನೋಡಿದ್ರೆ, ನಡುಮಧ್ಯ ನೆಲ್ಲಿಕಾಯಿ ಗಾತ್ರದ ಬೆಣ್ಣೆ!

"ಅಜ್ಜೀ, ಏನಿದು?"

"ಬೆಣ್ಣೆ ಕಣ್ಲಾ. ಕಾಯ್ಲೆ ಬಿದ್ದು ಎದ್ದೋರ್ಗೆ ಬೆಣ್ಣೆ ಇಕ್ದೆ ಇನ್ನೇನು ಇಕ್ತಾರೆ? ನಿಂಗೆ ಜ್ವರ ಬಂದು ಬುಟ್ಟಾಗ್ಲೂ ಇಂಗೇ ಇಕ್ಕಿದ್ದು."

"ಇದು ಅದ್ನ ಸಾಯಿಸ್ಬುಡ್ತದೆ ಅಜ್ಜಿ!"

ಅಜ್ಜಿ ಕೈ ಅಂಗೇ ನಿಂತೋಯ್ತು. ಸೆರಗಲ್ಲಿ ಕೈ ಒರಸ್ಕೊಂಡು ಒಳಗೆ ಹೋದ್ಲು. ಕೂಗಿದ್ದು ಜಾಸ್ತಿ ಆಯ್ತು ಅನ್ನುಸ್ತು. ಚರ್ಬಿ ಕಲಸಿ ಇಕ್ದೋನು ನಾನೇ ಅಲ್ವಾ?

ಡಾಕ್ಟರಮ್ಮಂಗೆ ಫೋನ್ ಮಾಡ್ದೆ. ಕರ್ಕೊಂಡು ಬಾ ಅಂದ್ರು, ಒಂದು ಇಂಜೆಕ್ಷನ್ ಕೊಟ್ರು. ಬೇಗ ಗೊತ್ತಾಯ್ತಲ್ಲ, ಅದೇ ಪುಣ್ಯ ಅಂದ್ರು.

ಮಾರ್ನೇ ದಿನ ಅಜ್ಜಿನೇ ಕರುದ್ಲು. "ಲೇ, ಆ ಹಿಕ್ಕೆ ತತ್ತಾ ಇಲ್ಲಿ." ಬಿಸಿನೀರಲ್ಲಿ ನೆನಸಿ, ಚೆನ್ನಾಗಿ ಕಿವುಚಿ, ಕೈ ಒದ್ದೆ ಮಾಡ್ಕೊಂಡು ಮುದ್ದೆ ಕಟ್ಟುದ್ಲು. ಅಂಗೈ ಮೇಲಿಟ್ಟು ಚಾಚಿದ್ಲು. ನಾಯಿ ಮೂಸ್ತು, ಒಂದ್ಸಲ ನಾಲಿಗೆ ಆಡುಸ್ತು, ಗುಳುಂ!

"ತಟ್ಟೇಲಿ ಸುರಿದು ಹೋದ್ರೆ ಯಾರ್ಲಾ ಉಣ್ತಾರೆ?" ಅಂದ್ಲು ಅಜ್ಜಿ, ನನ್ನ ಕಡೆ ನೋಡ್ದಂಗೇ.

ಈಗ ದಿನಕ್ಕೆ ಮೂರು ಚಿಕ್ಕ ಮುದ್ದೆ, ಅಳತೆ ಡಾಕ್ಟರಮ್ಮಂದು, ಕೈ ಅಜ್ಜೀದು. ಪಕ್ಕದ ಮನೆಯೋರು ಮೂಳೆ ಹಿಡ್ಕೊಂಡು ಬಂದ್ರೆ ಅಜ್ಜಿ ಬಾಗಿಲಲ್ಲೇ ತಡೀತಾಳೆ: "ನೀವೇ ತಿನ್ನಿ ಕಣ್ರವ್ವ, ನಮ್ಮ ನಾಯಿಗೆ ಡಾಕ್ಟ್ರು ಚೀಟಿ ಅದೆ."

ಆದ್ರೆ ಕುರಿ ಹಿಂದೆ ಹೊಲಕ್ಕೆ ಹೋದಾಗ ಯಾರ್ಯಾರೋ ಬುತ್ತಿ ಬಿಚ್ಚಿ ತುತ್ತು ಎಸೀತಾರೆ. ಬ್ಯಾಡ ಅಂದ್ರೆ ಬೇಜಾರು ಮಾಡ್ಕೊಂತಾರೆ. ನಿಮ್ಮ ನಾಯಿಗೂ ಇಂಥ ಪಥ್ಯ ಇದ್ದಿದ್ರೆ ನೀವು ಎಂಗೆ ನಿಭಾಯಿಸಿದ್ರಿ? ಕೆಳಗೆ ಬರೀರಿ, ಅಜ್ಜಿಗೆ ಓದಿ ಹೇಳ್ತೀನಿ.