‘ಆಯ್ತು’ ಅಂದವರು ಯಾರು?

ದೆವ್ವ, ಶಾಪ, ಅಸ್ತು ದೇವತೆ ಇವನ್ನೆಲ್ಲ ನಂಬುವವರನ್ನು ಕಂಡರೆ ಕಿಸಕ್ಕನೆ ನಗುತ್ತಿದ್ದವಳು ನಾನು. ಮುಸ್ಸಂಜೆ ಹೊತ್ತು ಕೆಟ್ಟ ಮಾತು ಆಡಬೇಡ, ಅಸ್ತು ದೇವತೆಗಳು ಅಸ್ತು ಅಂದುಬಿಡುತ್ತಾರೆ ಎಂದು ಅಮ್ಮ ಗದರಿದರೆ, "ಅವ್ರಿಗೇನು ಬೇರೆ ಕೆಲ್ಸ ಇಲ್ವಾ?" ಎನ್ನುತ್ತಿದ್ದೆ. ಮಂಡ್ಯದ ಬಾಯಿ ನನ್ನದು. ಈಗ ಹೇಳುವುದನ್ನು ನೀವು ನಂಬಲೇಬೇಕೆಂದಿಲ್ಲ. ನನಗೇ ಪೂರ್ತಿ ನಂಬಿಕೆಯಿಲ್ಲ.

ತೊಂಬತ್ತರ ದಶಕದ ಕೊನೆಯ ಮಾತು. ಪರದೇಶದಲ್ಲಿ, ಒಂಟಾರಿಯೋ ಸರೋವರದ ದಡದ ಬರ್ಲಿಂಗ್ಟನ್ನಿನ ಸಣ್ಣ ಪ್ರಕಾಶನವೊಂದರಲ್ಲಿ ನನಗೆ ಕೆಲಸ. ಹಿಂದೆ ಆ ಸರೋವರದ ಮೇಲೆ ಬ್ರಿಟಿಷರೊಡನೆ ಕಾದಾಡಿದ ಅಮೆರಿಕದ ನೌಕಾಪಡೆಯ ಅಧಿಕಾರಿಗಳ ಪತ್ರಗಳನ್ನು ಪುಸ್ತಕ ಮಾಡುತ್ತಿದ್ದರು. ಇರುವೆ ಸಾಲಿನಂಥ ಆ ಕೈಬರಹವನ್ನು ಬಿಡಿಸಿ ಓದಿ, ಟಿಪ್ಪಣಿ ಬರೆದು, ಕಣ್ಣು ಕಳೆದುಕೊಂಡವಳು ನಾನು. ರಕ್ಷಾಪುಟದ ಪ್ರೂಫ್ ಬಂದಾಗ ಸಂಪಾದಕ ಅಂತ ಇದ್ದದ್ದು ನಮ್ಮ ಮ್ಯಾನೇಜರ್ ವೆಂಕಟೇಶನ ಹೆಸರು. ನನ್ನ ಹೆಸರು ಕೃತಜ್ಞತೆಯ ಪುಟದಲ್ಲೂ ಇರಲಿಲ್ಲ. ಮೈಸೂರಿನವನು, ನಮ್ಮವನು ಅಂತ ಯುಗಾದಿಗೆ ಕರೆದು ಒಬ್ಬಟ್ಟು ಬಡಿಸಿದ್ದೆನಲ್ಲ!

ಹೋಗಿ ಕೇಳಿದೆ. "ಟೈಪಿಂಗ್ ಮಾಡಿದೋರ ಹೆಸರೆಲ್ಲ ಕವರ್ ಮೇಲೆ ಹಾಕೋಕಾಗತ್ತೇನ್ರೀ? ಸ್ವಲ್ಪ ಪ್ರಾಕ್ಟಿಕಲ್ ಆಗಿರಿ" ಎಂದ.

ಟೈಪಿಂಗ್! ಅಡಿಯಿಂದ ಮುಡಿಯವರೆಗೆ ಉರಿದುಹೋಯಿತು.

ಅಂದು ಸಂಜೆ ಎಲ್ಲರೂ ಮನೆಗೆ ಹೋದ ಮೇಲೂ ಪ್ರೂಫ್ ನೋಡುತ್ತ ಕೂತಿದ್ದೆ. ಚಳಿಗಾಲವಾದ್ದರಿಂದ ಆಗಲೇ ಕತ್ತಲಾಗುತ್ತಿತ್ತು. ಎದುರಿಗೆ ಒಬ್ಬ ಲೆಫ್ಟಿನೆಂಟನ ಪತ್ರ. ತಾನು ಸೆಣಸಿ ಹಿಡಿದ ಹಡಗನ್ನು ಕ್ಯಾಪ್ಟನ್ ತಾನೇ ಹಿಡಿದೆನೆಂದು ಮೇಲಿನವರಿಗೆ ವರದಿ ಬರೆದ ಅನ್ನುವ ಸಂಕಟ ಅವನದು. ಪಾಪ, ಶಿಸ್ತಿನ ಮನುಷ್ಯ. ಬೈದು ಬರೆದ ಸಾಲುಗಳನ್ನು ತಾನೇ ಹೊಡೆದುಹಾಕಿದ್ದ. ನಾನು ಬಿಡುತ್ತೇನೆಯೇ? ಅವನ ಪಾಲಿನದನ್ನೂ ಸೇರಿಸಿ, ಎರಡೂ ಕೈಯ ನೆಟಿಗೆ ಮುರಿದು, "ಅವ್ನ ನಾಲ್ಗೆ ಸೇದೋಗ!" ಎಂದು ವೆಂಕಟೇಶನಿಗೆ ಶಾಪ ಹಾಕಿದೆ.

ಬೆನ್ನ ಹಿಂದೆ ಗಂಡಸಿನ ದನಿಯೊಂದು "ಆಯ್ತು" ಎಂದಿತು.

ವೆಂಕಟೇಶನೇ ಕೇಳಿಸಿಕೊಂಡ, ಕೆಲಸ ಹೋಯಿತು ಎಂದುಕೊಂಡು ತಿರುಗಿದೆ. ಯಾರೂ ಇಲ್ಲ. ಪ್ರತಿ ಕೋಣೆಯನ್ನೂ ನೋಡಿದೆ. ಹೊರಗೆ ನನ್ನ ಕಾರೊಂದೇ ನಿಂತಿತ್ತು. ಆ ಕಟ್ಟಡದಲ್ಲಿ ಕನ್ನಡ ಬಲ್ಲವರು ನಾವಿಬ್ಬರೇ. ಮನೆಗೆ ಹೋಗುವ ದಾರಿಯಲ್ಲಿ ಒಂದು ಯೋಚನೆ ಬಂದು ಕಾರನ್ನು ರಸ್ತೆ ಬದಿಗೆ ನಿಲ್ಲಿಸಿದೆ. ನೌಕಾಪಡೆಯವರು ಅಪ್ಪಣೆಯನ್ನು ಒಪ್ಪುವಾಗ ‘ಆಯ್, ಆಯ್’ ಎನ್ನುತ್ತಾರೆ. ನಾನು ಕೇಳಿದ್ದು ‘ಆಯ್ತು’ ಎಂದೋ, ಬರೀ ‘ಆಯ್’ ಎಂದೋ, ಈಗಲೂ ಆಣೆ ಮಾಡಿ ಹೇಳಲಾರೆ.

ಪುಸ್ತಕ ಅಚ್ಚಿಗೆ ಹೋಗುವ ಮುಂಚೆ ಹತ್ತಿರದ ಊರಾದ ಸ್ಟ್ರೀಟ್ಸ್‌ವಿಲ್ಲಿನಲ್ಲಿ ಅದರ ಬಗ್ಗೆ ವೆಂಕಟೇಶನ ಭಾಷಣವಿತ್ತು. ಸೂಟು ಹಾಕಿಕೊಂಡು ಮೈಕಿನ ಮುಂದೆ ನಿಂತ. ಬಾಯಿ ತೆರೆದ. ತುಟಿ ಆಡುತ್ತಿದೆ, ಸದ್ದಿಲ್ಲ. ಮೈಕ್ ಕೆಟ್ಟಿದೆ ಅಂತ ಯಾರೋ ಓಡಿಬಂದು ತಟ್ಟಿದರು. ಆಮೇಲೆ ಅವನು ಗಂಟಲು ಹಿಡಿದುಕೊಂಡ. ನನಗೆ ಹೊಟ್ಟೆಗೆ ಹಾಲು ಹೊಯ್ದಂತಾಯಿತು. ಸುಳ್ಳು ಯಾಕೆ ಹೇಳಲಿ?

ಡಾಕ್ಟರುಗಳು ಎಲ್ಲ ಪರೀಕ್ಷೆ ಮಾಡಿ, ಏನೂ ತೊಂದರೆಯಿಲ್ಲ ಎಂದರಂತೆ. ಒಂದು ದಿನ ಅವನ ಹೆಂಡತಿ ನಳಿನಿ ಫೋನ್ ಮಾಡಿದಳು. "ಅಕ್ಕಾ, ನೀವು ಅಂದಿದ್ದನ್ನ ವಾಪಸ್ ತಗೊಳ್ಳಿ. ಒಂದೇ ಒಂದು ಸಲ ಒಳ್ಳೇದಾಗ್ಲಿ ಅನ್ನಿ."

"ನಾನೇನಂದೆ?"

"ಅದೇ... ನೆಟಿಗೆ ಮುರಿದು ಅಂದ್ರಲ್ಲ."

ನನ್ನ ಗಂಡನಿಗೂ ಹೇಳಿರದ ಮಾತದು! ಯಾರು ಹೇಳಿದರು ಎಂದರೆ ಬರೀ ಅಳು. ಇವತ್ತಿನವರೆಗೂ ಬಾಯಿ ಬಿಟ್ಟಿಲ್ಲ. ನಾನೂ ಆ ಹೊತ್ತಿಗೆ ಕರಗಲಿಲ್ಲ. "ಮೊದ್ಲು ಪುಸ್ತಕದ ಮೇಲೆ ನನ್ನ ಹೆಸ್ರು ಬರ್ಲಿ" ಎಂದು ಫೋನ್ ಇಟ್ಟೆ.

ಬಂತು. ನನ್ನದೊಂದೇ ಹೆಸರು, ದಪ್ಪಕ್ಷರದಲ್ಲಿ. ಅದನ್ನು ಕಣ್ಣಾರೆ ನೋಡಿದ ಮೇಲೆ ಫೋನ್ ಮಾಡಿ "ಒಳ್ಳೇದಾಗ್ಲಿ" ಎಂದೆ. ಆದರೆ ವೆಂಕಟೇಶನಿಗೆ ಬಂದದ್ದು ಬರೀ ಪಿಸುದನಿ. ಅದೂ ಪಕ್ಕದಲ್ಲಿ ಕೂತರಷ್ಟೇ ಕೇಳಿಸುತ್ತದೆ. ಎಲ್ಲಾದರೂ ಸಿಕ್ಕಾಗ ನಳಿನಿ ನನ್ನ ಕೈ ಹಿಡಿದು ಕೇಳುತ್ತಾಳೆ, "ಅಕ್ಕಾ, ಮನಸ್ಸಿಂದ ಅಂದ್ರಾ?"

"ಅಂದೆ ಕಣೇ" ಎನ್ನುತ್ತೇನೆ. ಬಾಯಲ್ಲಿ ಅಂದದ್ದು ನಿಜ. ಮನಸ್ಸಿನಿಂದ ಅನ್ನಲು ಇಷ್ಟು ವರ್ಷವಾದರೂ ನನ್ನಿಂದ ಆಗಿಲ್ಲ.