ಮಟ್ಟ ತಪ್ಪಿದ ಗೋಡೆಯ ಬೆಳಕು

ಕಳೆದ ಭಾನುವಾರ ದೇವನಹಳ್ಳಿ ಕಡೆ ಒಂದು ಹೊಸ ಮನೆ ನೋಡಲು ಹೋಗಿದ್ದೆ. ಅಂಗಳದ ಮರಳಿನ ಮೇಲೆ ಲೆವೆಲ್ ಪೈಪು ಸುರುಳಿ ಸುತ್ತಿಕೊಂಡು ಬಿದ್ದಿತ್ತು. ಗಾರೆಯವರು ನೀರು ತುಂಬಿಸಿ ಗೋಡೆಗಳ ಮಟ್ಟ ನೋಡುತ್ತಾರಲ್ಲ, ಆ ಪ್ಲಾಸ್ಟಿಕ್ ಪೈಪು. ಎತ್ತಿ ಮೂಸಿದೆ. ಹಳಸಿದ ನೀರು, ಪಾಚಿ, ಸಿಮೆಂಟು... ಅಷ್ಟೇ ಸಾಕಾಯಿತು. ಮನೆಯ ವಿನ್ಯಾಸ ಮಾಡಿದ ಹುಡುಗಿ ಪಕ್ಕದಲ್ಲೇ ನಿಂತು ಏನೇನೋ ವಿವರಿಸುತ್ತಿದ್ದಳು. ಆಮೇಲೆ ಅವಳು ಹೇಳಿದ ಅರ್ಧ ನನ್ನ ಕಿವಿಗೆ ಬೀಳಲೇ ಇಲ್ಲ.

ಮನೆ ಮಾತ್ರ ಸೊಗಸಾಗಿತ್ತು ಬಿಡಿ. ರೇಷ್ಮೆಹುಳು ಗೂಡು ಕಟ್ಟಲೆಂದು ಬಿಡುವ ಬಿದಿರಿನ ಚಂದ್ರಿಕೆಗಳನ್ನೇ ಹಜಾರದ ಚಾವಣಿಗೆ ಹೊದಿಸಿದ್ದಳು. ಪಕ್ಕದ ವಿಜಯಪುರದಿಂದ ತಂದ, ರೇಷ್ಮೆ ನೂಲು ಸುತ್ತುವ ಹಳೆ ಬಾಬಿನ್‌ಗಳನ್ನು ಸರಳಿಗೆ ಪೋಣಿಸಿ ಅಡುಗೆಮನೆಗೆ ತಡಿಕೆ ಮಾಡಿದ್ದಳು. ಬೆರಳಾಡಿಸಿದರೆ ಗಿರ್ರನೆ ತಿರುಗುತ್ತವೆ. ನಮ್ಮ ಕಡೆಯ ಹಿತ್ತಿಲುಗಳಲ್ಲಿ ಕೊಳೆಯುವ ಸಾಮಾನನ್ನು ಯಾರೋ ಕಣ್ಣು ಬಿಟ್ಟು ನೋಡಿದ್ದಾರಲ್ಲ ಎಂದು ಖುಷಿಯಾಯಿತು. ನನಗೆ ಇದೊಂದು ಹುಚ್ಚು. ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಡುವವಳು ನಾನು, ರಜೆ ಬಂತೆಂದರೆ ಸ್ಕೂಟರ್ ಹತ್ತಿ ಕಂಡವರ ಮನೆ ನೋಡಲು ಹೊರಡುತ್ತೇನೆ. ಕೂತಲ್ಲಿ ಕೂರುವ ಜಾಯಮಾನ ನನ್ನದಲ್ಲ. ಅಮ್ಮ ಬೈದು ಬೈದು ಸುಸ್ತಾಗಿ ಬಿಟ್ಟುಬಿಟ್ಟಿದ್ದಾಳೆ.

ಹನ್ನೆರಡು ವರ್ಷಗಳ ಹಿಂದೆ ದೊಡ್ಡಬಳ್ಳಾಪುರದ ಹೊರಗೆ ನಮ್ಮ ಮನೆ ಕಟ್ಟಿದ ಮೇಸ್ತ್ರಿ ನನ್ನ ಈ ಆತುರಕ್ಕೆ ತದ್ವಿರುದ್ಧ. ಘಾಟಿ ಹತ್ತಿರದ ಹಳ್ಳಿಯವರು. ಪತ್ರಿಕೆಗಳಿಂದ ಕತ್ತರಿಸಿಟ್ಟ ಮನೆಗಳ ಚಿತ್ರದ ಫೈಲು ಹಿಡಿದು ನಾನು ಹೋದರೆ ಬೇರೆಯವರು ಮುಸಿಮುಸಿ ನಗುತ್ತಿದ್ದರು. ಅವರು ನಗಲಿಲ್ಲ. ಒಂದೊಂದೇ ಹಾಳೆ ತಿರುವಿ, ಬೆಳಕು ಯಾವ ಕಡೆಯಿಂದ ಬರುತ್ತಿದೆ ಎಂದು ಬೆರಳಿಟ್ಟು ಹುಡುಕುತ್ತಿದ್ದರು. “ಟೀಚರಮ್ಮ, ಈ ಮನೇಲಿ ಮಧ್ಯಾನ ಕೂರಕ್ಕಾಗಲ್ಲ. ಪಶ್ಚಿಮಕ್ಕೆ ಇಷ್ಟುದ್ದ ಗಾಜು ಮಡಗವ್ರೆ, ಬೆಂದೋಗ್ತೀರ” ಎಂದಿದ್ದರು ಒಮ್ಮೆ. ಓದಿದ್ದು ನಾಲ್ಕನೇ ಕ್ಲಾಸು. ಆ ಫೈಲನ್ನು ಅವರಷ್ಟು ಚೆನ್ನಾಗಿ ಇವತ್ತಿನವರೆಗೆ ಯಾರೂ ಓದಿಲ್ಲ.

ಅದೊಂದು ಶನಿವಾರ ಅವರ ಆಳು ಬಂದಿರಲಿಲ್ಲ. ಲೆವೆಲ್ ಪೈಪಿನ ಇನ್ನೊಂದು ತುದಿ ಹಿಡಿಯಲು ನನ್ನನ್ನೇ ಕರೆದರು. ಈ ಕಂಬದ ಮೇಲಿನ ತಮ್ಮ ಗುರುತಿಗೆ ಅವರು ನೀರನ್ನು ಸರಿಯಾಗಿ ಕೂರಿಸುವುದು. ಆ ಕಂಬದ ಹತ್ತಿರ ನೀರು ಎಲ್ಲಿ ನಿಲ್ಲುತ್ತದೋ ಅಲ್ಲಿ ನಾನು ಗೆರೆ ಎಳೆಯುವುದು. ಗೋಡೆಯ ಎತ್ತರಕ್ಕೆ ಆ ಗೆರೆಯೇ ಲೆಕ್ಕ. “ಆತ್ರ ಪಡ್ಬೇಡಿ, ನೀರು ಸುಮ್ನಾಗ್ಲಿ” ಎಂದು ಅಲ್ಲಿಂದಲೇ ಕೂಗಿದರು. ನೀರು ಪೈಪಿನೊಳಗೆ ಮೇಲೆ ಕೆಳಗೆ ಆಡುತ್ತಲೇ ಇತ್ತು. ನೆಲಮಂಗಲದ ಹತ್ತಿರ ಯಾರೋ ಹೊಸ ರೀತಿಯಲ್ಲಿ ಮಣ್ಣಿನ ಮನೆ ಕಟ್ಟಿದ್ದರು, ಅವತ್ತು ಮಧ್ಯಾಹ್ನದವರೆಗೆ ಮಾತ್ರ ನೋಡಲು ಬಿಡುತ್ತಿದ್ದರು. ನನ್ನ ಜೀವವೆಲ್ಲ ಅಲ್ಲೇ.

“ನಿಂತ್ಕಂತಾ?”

“ನಿಂತ್ಕೊಂತು!” ಎಂದೆ. ನಿಂತಿರಲಿಲ್ಲ. ಉತ್ತರಪತ್ರಿಕೆ ತಿದ್ದುವ ಕೆಂಪು ಪೆನ್ನಿನಿಂದ ಗೆರೆ ಎಳೆದು ಸ್ಕೂಟರ್ ಹತ್ತಿ ಹೋದೆ.

ತಾರಸಿಗೆ ಸೆಂಟ್ರಿಂಗ್ ಹಲಗೆ ಹೊಡೆದ ದಿನ ಬಣ್ಣ ಬಯಲಾಯಿತು. ಪೂರ್ವದ ಗೋಡೆ ಒಂದು ತುದಿಯಲ್ಲಿ ಹಲಗೆಯನ್ನು ಮುಟ್ಟುತ್ತಿತ್ತು, ಇನ್ನೊಂದು ತುದಿಯಲ್ಲಿ ಮೂರು ಬೆರಳು ಕುಳ್ಳಗಾಗಿತ್ತು. ಕೆಲಸದ ಉಸ್ತುವಾರಿ ನೋಡುತ್ತಿದ್ದ ನಮ್ಮಣ್ಣ ಆಳುಗಳೆಲ್ಲರ ಎದುರಿಗೇ ರೇಗಿದ. “ಏನಯ್ಯಾ, ಕುಡಿದು ಕಟ್ಟಿದ್ದೀಯಾ? ಇಷ್ಟು ವರ್ಷ ಆಯ್ತು, ಮಟ್ಟ ನೋಡಕ್ಕೆ ಬರಲ್ವಾ?” ಮೇಸ್ತ್ರಿ ಮೆಲ್ಲಗೆ ಹೋಗಿ ಆ ಕಂಬಕ್ಕೆ ಬೆನ್ನು ಕೊಟ್ಟು ನಿಂತರು. ಅವರ ಬೆನ್ನ ಹಿಂದೆ ನನ್ನ ಕೆಂಪು ಗೆರೆ ಇತ್ತು.

“ನನ್ ಕಣ್ಣು ತಪ್ಪೋಯ್ತು ಸಾರ್” ಎಂದರು.

ನಾನು ಅಲ್ಲೇ ಇದ್ದೆ. ಬಾಯಿ ಬಿಡಲಿಲ್ಲ. ಗಣಿತದ ಮೇಡಮ್ಮಿಗೆ ಒಂದು ಗೆರೆ ಎಳೆಯಲು ಬರುವುದಿಲ್ಲ ಎಂದು ಅಣ್ಣ ಜೀವಮಾನವಿಡೀ ಆಡಿಕೊಳ್ಳುತ್ತಾನೆ ಎಂಬ ಭಯ. ಥೂ, ಎಷ್ಟು ಸಣ್ಣ ಭಯ ಅದು!

ಸಂದಿಗೆ ಇಟ್ಟಿಗೆ ಚೂರು ತುಂಬಿ ಮೆತ್ತಿಬಿಡು ಎಂದ ಅಣ್ಣ. ಮೇಸ್ತ್ರಿ ತಕ್ಷಣ ಮೆತ್ತಲಿಲ್ಲ. ಸೆಂಟ್ರಿಂಗ್ ಬಿಚ್ಚಿದ ಮೇಲೆ ಎರಡು ದಿನ ಎಲ್ಲರಿಗಿಂತ ಮುಂಚೆ ಬಂದು, ಬೀಡಿ ಸೇದುತ್ತಾ ಆ ಗೋಡೆಯನ್ನೇ ನೋಡುತ್ತಾ ಕೂತರು. ಮೂರನೇ ದಿನ, “ಟೀಚರಮ್ಮ, ಮುಚ್ಚೋದ್ಬ್ಯಾಡ. ಗಾಜು ಕೂರ್ಸಿಬಿಡಾಣ. ಹೊತ್ತುಟ್ಟಿದ ತಕ್ಷಣ ಎಂಗೆ ಬೀಳ್ತದೆ ನೋಡಿ” ಎಂದರು. ಬಿತ್ತು. ಒಂದು ಕಡೆ ದಾರದಷ್ಟು ಸಣ್ಣ, ಇನ್ನೊಂದು ಕಡೆ ಮೂರು ಬೆರಳು ಅಗಲ, ಉದ್ದಕ್ಕೂ ಒಂದೇ ಬಿಸಿಲ ಪಟ್ಟಿ. ಕಲ್ಲು ಹಾಸಿದ ನೆಲದ ಮೇಲೆ ಒಂಬತ್ತು ಗಂಟೆಯವರೆಗೆ ತೆವಳುತ್ತದೆ. ನಾನು ನೋಡಿದ ನೂರಾರು ಮನೆಗಳಲ್ಲಿ ಇಂಥದ್ದು ಇನ್ನೊಂದಿಲ್ಲ. ಬಂದವರೆಲ್ಲ ಯಾವ ಆರ್ಕಿಟೆಕ್ಟು ಎಂದು ಕೇಳುತ್ತಿದ್ದರು. “ಹಾಗೇ ಒಂದು ಐಡಿಯಾ ಬಂತು” ಎನ್ನುತ್ತಿದ್ದೆ ನಾನು, ನಗುತ್ತಾ...

ನಮ್ಮ ಬಡಾವಣೆಯಲ್ಲೇ ಇನ್ನೆರಡು ಮನೆಗಳ ಕೆಲಸ ಅವರಿಗೇ ಎಂದು ಮಾತಾಗಿತ್ತು. ಅಣ್ಣ ಗೋಡೆಯ ಕಥೆಯನ್ನು ಬೀದಿಯಿಡೀ ಹೇಳಿಕೊಂಡು ಬಂದ. ‘ಮಟ್ಟ ತಪ್ಪಿದ ಮೇಸ್ತ್ರಿ’ ಎಂಬ ಹೆಸರು ಅಂಟಿಕೊಂಡಿತು, ಎರಡೂ ಮನೆ ಕೈಬಿಟ್ಟವು. ಆಮೇಲೆ ಅವರು ಸೋಂಪುರದ ಕಡೆ ಕಾರ್ಖಾನೆಗಳ ಕಾಂಪೌಂಡ್ ಕಟ್ಟಲು ಇನ್ಯಾರದೋ ಕೈಕೆಳಗೆ ಹೋದರು. ಒಮ್ಮೆ ಬಸ್‌ಸ್ಟ್ಯಾಂಡಿನಲ್ಲಿ ಸಿಕ್ಕಿದಾಗ, “ಬೆಳಕು ಬತ್ತಾ ಐತಾ?” ಎಂದಷ್ಟೇ ಕೇಳಿದರು. ಹೇಳುವುದೆಲ್ಲ ಗಂಟಲವರೆಗೆ ಬಂದಿತ್ತು. ಬಸ್ಸೂ ಬಂದಿತ್ತು. ಹತ್ತಿಬಿಟ್ಟೆ.

ಮೊನ್ನೆ ಪೈಪು ಮೂಸಿದ ಮೇಲೆ ನನಗೆ ನಿಂತಲ್ಲಿ ನಿಲ್ಲಲಾಗಲಿಲ್ಲ. ಆ ಹುಡುಗಿಯನ್ನು ಒಂದು ದಿನ ಬೆಳಗ್ಗೆ ನಮ್ಮ ಮನೆಗೆ ಬಾ ಎಂದು ಕರೆದು, ನೇರವಾಗಿ ಮೇಸ್ತ್ರಿಯ ಊರಿಗೆ ಹೋದೆ. ಅವರ ಹೆಂಡತಿ ಜಗಲಿಯಲ್ಲಿ ಅವರೆಕಾಯಿ ಸುಲಿಯುತ್ತಿದ್ದರು.

“ಅವ್ರು ತೀರ್ಕಂಡು ಎರಡು ವರ್ಷ ಆಯ್ತಲ್ಲಮ್ಮ” ಎಂದರು. ನನ್ನನ್ನೇ ದಿಟ್ಟಿಸಿದರು. “ಕೆಂಪು ಪೆನ್ನಿನ ಟೀಚರಮ್ಮ ನೀವೇಯಾ?”

“ನಿಮಗೆ ಹೇಳಿದ್ರಾ?”

“ನನ್ಗೊಬ್ಳಿಗೇ. ಆ ಯಮ್ಮಂಗೆ ಭಾರಿ ಆತ್ರ ಕಣೇ, ನೀರು ನಿಲ್ಲಕ್ಕೇ ಬಿಡ್ಲಿಲ್ಲ ಅಂತ ನಗೋರು. ನಾನು ನಗ್ಲಿಲ್ಲ. ಜನ ಆಡ್ಕಂಬಾಗ ನಿಮ್ಮನ್ನ ಬೈಕಂಡಿದೀನಿ, ಸುಳ್ಯಾಕೆ ಹೇಳ್ಲಿ.” ಒಂದಷ್ಟು ಕಾಯಿ ಸುಲಿದು ಮತ್ತೆ ಹೇಳಿದರು. “ಒಂದ್ಸಲ ನನ್ನ ಕರ್ಕಂಬಂದು ರಸ್ತೆಯಿಂದ್ಲೇ ನಿಮ್ಮ ಮನೆ ತೋರ್ಸಿದ್ರು. ಒಳಕ್ಕೋಗಾಣ ಅಂದೆ, ಬ್ಯಾಡ ಅಂದ್ರು. ಬೆಳಕು ಕಾಣ್ಲೇ ಇಲ್ಲ. ಒಳಗಿದ್ರೆ ತಾನೆ ಅದು ಕಾಣೋದು?”

ತಪ್ಪಾಯ್ತಮ್ಮ ಎಂದೆ. ಅವರು ಮೊರವನ್ನು ನನ್ನ ಕಡೆಗೆ ಸ್ವಲ್ಪ ಸರಿಸಿದರು. ನಾನೂ ಕೂತು ಅವರೆಕಾಯಿ ಸುಲಿದೆ, ಮುಗಿಯುವವರೆಗೆ. ಬೆಳಗಿನ ಹೊತ್ತು ಒಂದು ದಿನ ಮನೆಗೆ ಬನ್ನಿ ಎಂದದ್ದಕ್ಕೆ “ನೋಡಾಣ” ಎಂದಿದ್ದಾರೆ.

ಇವತ್ತು ಬೆಳಗ್ಗೆ ಆ ಹುಡುಗಿ ಬಂದಳು. ಬಿಸಿಲ ಪಟ್ಟಿ ಇನ್ನೂ ಎದುರುಗೋಡೆಯ ಬುಡದಲ್ಲಿತ್ತು. ಚಪ್ಪಲಿ ಬಿಟ್ಟು ನೆಲದ ಮೇಲೆಯೇ ಕೂತು ಬಹಳ ಹೊತ್ತು ನೋಡಿದಳು.

“ಯಾರ ಐಡಿಯಾ ಮೇಡಂ ಇದು?”

“ನಮ್ಮ ಮೇಸ್ತ್ರೀದು. ಮಟ್ಟ ತಪ್ಪಿಸಿದ್ದು ನಾನು” ಎಂದೆ.

“ಅವರ ನಂಬರ್ ಕೊಡಿ ಮೇಡಂ. ನನ್ನ ಮುಂದಿನ ಮನೆ ಅವರ ಕೈಲೇ ಮಾಡಿಸ್ತೀನಿ” ಎಂದು ಫೋನ್ ತೆಗೆದಳು.

ಅಂತೂ ನಮ್ಮ ಮನೆ ನೋಡಿ ಮೇಸ್ತ್ರಿಗೆ ಒಂದು ಕೆಲಸ ಬಂದಿತ್ತು.