ಟೇಪಿನ ಇನ್ನೊಂದು ತುದಿ: ಆಸ್ತಿ ತೆರಿಗೆಯ ರೂಬಿ ಹೊಸಮನಿಯವರು

ಅವಳಿ ನಗರದಲ್ಲಿ ಮನೆಗೆ ನಾಲ್ಕು ಇಟ್ಟಿಗೆ ಸೇರಿಸಿದವರಿಗೆ ಬಂಧುಗಳಿಗಿಂತ ಮೊದಲು ನೆನಪಾಗುವವರು ಆಸ್ತಿ ತೆರಿಗೆಯವರು. ಆ ನೆನಪಿನಲ್ಲಿ ಹೆದರಿಕೆಯ ಜಾಗಕ್ಕೆ ಗೌರವ ತಂದುಕೊಟ್ಟ ಕಂದಾಯ ನಿರೀಕ್ಷಕಿ ಶ್ರೀಮತಿ ರೂಬಿ ಹೊಸಮನಿಯವರು ಮೂವತ್ನಾಲ್ಕು ವರ್ಷಗಳ ಸೇವೆ ಮುಗಿಸಿ ನಿವೃತ್ತರಾಗುತ್ತಿದ್ದಾರೆ. ಹಳೆಯ ಮನೆಗಳ ಅಳತೆಗೆ ಹೊಸಮನಿಯವರೇ ಬರುತ್ತಿದ್ದುದು ನಮ್ಮೂರ ಭಾಗ್ಯ! ಅವರ ಬಗ್ಗೆ ಬರೆಯಲು ಕೂತರೆ ಲೇಖನಿ ಓಡುತ್ತದೆ, ನಾನು ಏದುಸಿರು ಬಿಡುತ್ತ ಹಿಂದೆ ಬರುತ್ತೇನೆ.

ಮಾಳಮಡ್ಡಿಯ ಮಿಷನ್ ಶಾಲೆಯ ಶಿಕ್ಷಕರೊಬ್ಬರ ಮಗಳಾದ ಅವರು ಗುಮಾಸ್ತೆಯಾಗಿ ಸೇರಿ, ಹಂತಹಂತವಾಗಿ ಮೇಲೇರಿದರು. ಅಳತೆಗೆ ಹೋದಲ್ಲೆಲ್ಲ ಟೇಪಿನ ಒಂದು ತುದಿಯನ್ನು ಮನೆಯವರ ಕೈಗೆ ಕೊಡುವುದು ಅವರ ಪದ್ಧತಿ. “ಎಷ್ಟೈತಿ ಅಂತ ನೀವ ಓದಿ ಹೇಳ್ರಿ” ಎನ್ನುತ್ತಿದ್ದರು. ತಾವೇ ಓದಿದ ಅಂಕಿಯ ಮೇಲೆ ಯಾರು ಜಗಳ ತೆಗೆದಾರು?

ಎಂಟು ವರ್ಷಗಳ ಹಿಂದೆ ಅವರ ಕೈಕೆಳಗೆ ಸೇರಿದ ನಾನು ಕೆಲಸಕ್ಕಿಂತ ಮೊದಲು ಕಲಿತದ್ದು ಅವರ ಧ್ವನಿ. ಒಂದು ಮಧ್ಯಾಹ್ನ ಕಚೇರಿಯಲ್ಲಿ ಅವರ ಅನುಕರಣೆ ಮಾಡುತ್ತಿದ್ದಾಗ ಎಲ್ಲರೂ ಒಮ್ಮೆಲೇ ಗಂಭೀರರಾದರು. ಮೇಡಂ ಹಿಂದೆಯೇ ನಿಂತಿದ್ದರು, ಅವರ ಪಕ್ಕದಲ್ಲಿ ದುರ್ಗದಬೈಲಿನ ಚನ್ನಬಸವ್ವನವರು.

“ಧ್ವನಿ ಭಾಳ ಛಲೋ ಎತ್ತೀರಿ ಅಮರೇಶ. ಈಗ ಇವರ ಫೈಲ್ ಎತ್ಕೊಂಡು ಬರ್ರಿ.”

ಚನ್ನಬಸವ್ವನವರ ಪತಿ, ಕಾಳಿನ ಅಂಗಡಿಯ ಮಡಿವಾಳಪ್ಪನವರು, ಮೆಟ್ಟಿಲಿನಿಂದ ಬಿದ್ದು ಸೊಂಟ ಮುರಿದುಕೊಂಡು ವಿದ್ಯಾನಗರದ ಆಸ್ಪತ್ರೆಯೊಂದರಲ್ಲಿದ್ದರು. ಮಲಗುವ ಕೋಣೆಗಳೆಲ್ಲ ಮಹಡಿಯ ಮೇಲಿದ್ದುದರಿಂದ ಅವರಿಗಾಗಿ ಹಿತ್ತಲಿನಲ್ಲಿ ಒಂದು ಕೋಣೆ ಕಟ್ಟಿಸಲಾಗಿತ್ತು. ಅದನ್ನು ಅಳೆದು ತೆರಿಗೆ ಏರಿಸಿದವನು ನಾನು.

“ಇಷ್ಟ ತೆರಿಗಿ ವರ್ಷಾ ವರ್ಷಾ ಎಲ್ಲಿಂದ ತರ್ಲಿ ಅಕ್ಕಾರ? ಗೌಂಡಿಗೆ ಹೇಳೇನಿ, ನಾಳೆ ಮುಂಜಾನೆ ಆ ಖೋಲಿ ಛತ್ತು ಒಡಸತೇನಿ” ಎಂದರು ಆಕೆ.

“ಯಜಮಾನ್ರು ನಾಡಿದ್ದ ಬರತಾರಲ್ಲವಾ, ಎಲ್ಲಿ ಮಲಗಸ್ತೀರಿ?”

“ಪಡಸಾಲ್ಯಾಗ. ಬಂದ ಮಂದಿ ದಾಟಕೋತ ಹೋಗ್ತಾರ.”

ಮೇಡಂ ಆಗಲೇ ನನ್ನನ್ನೂ ಕರೆದುಕೊಂಡು ಆ ಮನೆಗೆ ಹೊರಟರು. ಚನ್ನಬಸವ್ವನವರು ಟೇಪು ಹಿಡಿದು ಓದಿದರು: ಹನ್ನೆರಡು ಅಡಿ, ಹದಿನೆಂಟು ಅಡಿ. ನನ್ನ ಅಳತೆ ಸರಿಯಿತ್ತು! ನಾನು ಎದೆಯುಬ್ಬಿಸುವಷ್ಟರಲ್ಲಿ ಮೇಡಂ ಫೈಲಿನ ಮೇಲೆ ಬೆರಳಿಟ್ಟರು.

“ಇದರಾಗ ಹಂಚಿನ ಖೋಲಿ ಅಂತೊಂದು ಐತಿ. ಎಲ್ಲೈತಿ, ತೋರಸ್ರಿ.”

“ಅದನ್ನ ಕೆಡವಿ ಅಲ್ಲೇ ಇದನ್ನ ಕಟ್ಟ್ಯಾರ್ರಿ ಮೇಡಂ.”

“ಕೆಡವಿದ್ದಕ್ಕೂ ತೆರಿಗಿ ಹಚ್ಚೀರಲ್ಲ, ಅದರಾಗ ಯಾರಿರತಾರ? ನೀವೇನು?”

ಹೊಸದನ್ನು ಕೂಡಿಸಿದ ನಾನು ಹಳೆಯದನ್ನು ಕಳೆದಿರಲಿಲ್ಲ. ಹಳೆಯದು ನೂರಾ ಎಂಬತ್ತು ಚದರಡಿ, ಹೊಸದು ಇನ್ನೂರಾ ಹದಿನಾರು. ನಿಜವಾಗಿ ಹೆಚ್ಚಿದ್ದು ಬರೀ ಮೂವತ್ತಾರು. ಹಂಚು ಹೋಗಿ ಕಾಂಕ್ರೀಟ್ ಬಂದದ್ದರಿಂದ ದರ ತುಸು ಏರಿತು, ಅಷ್ಟೇ. ಚನ್ನಬಸವ್ವನವರ ಮುಖ ಅರಳಿತು. ಅರಳಿದ್ದೇ ತಡ, ಚೌಕಾಸಿಗೂ ಇಳಿಯಿತು.

“ಅಕ್ಕಾರ, ಹಂಗಾರ ಹೊಸಾದನ್ನೂ ಬಿಟ್ಟಬಿಡ್ರಿ.”

“ಬಿಡಂಗಿಲ್ಲವಾ, ಇದ್ದದ್ದನ್ನ ಬರೀಬೇಕು. ದಾಖಲ್ಯಾಗ ಇಲ್ಲದ ಖೋಲಿ ನಾಳೆ ನಿಮ್ಮ ಮಗಳು ಆರತಿಗೆ ಹ್ಯಾಂಗ ಕೊಡತೀರಿ?”

“ಯಜಮಾನ್ರಿಗೆ ಹಿಡಕೊಳ್ಳಾಕ ಗ್ವಾಡಿಗೆ ಕೈಕಂಬಿ ಕೂಡಸಬೇಕಂತ ಮಾಡೇನಿ. ಬಣ್ಣಾನೂ ಹಚ್ಚಬೇಕು. ಅವಕ್ಕೂ ತೆರಿಗಿ ಐತೇನ್ರಿ?”

“ಅವಕ್ಕ ತೆರಿಗಿ ಇಲ್ಲ. ಬೇಕಾದ್ರ ಬಂಗಾರದ ಬಣ್ಣಾ ಹಚ್ಚರಿ!”

ತಪ್ಪಿಗಾಗಿ ಮೇಡಂ ನನ್ನನ್ನು ಯಾರೆದುರೂ ಗದರಲಿಲ್ಲ. ಆದೇಶವನ್ನು ನನ್ನ ಕೈಯಿಂದಲೇ ಬರೆಸಿ, ಸಾಹೇಬರ ಸಹಿ ಹಾಕಿಸಿ, ಅಂದೇ ಸಂಜೆ ನನ್ನ ಕೈಯಿಂದಲೇ ಮುಟ್ಟಿಸಿದರು. ಮರುದಿನ ಛಾವಣಿ ಒಡೆಯಲೆಂದು ಸುತ್ತಿಗೆ ಹಿಡಿದು ಬಂದ ಮುತ್ತು ಎಂಬ ಗಾರೆ ಕೆಲಸದ ಗೌಂಡಿ, ಅದರ ಬದಲು ಗೋಡೆಗೆ ಕೈಕಂಬಿ ಕೂರಿಸಿದ. ಅದರ ಮರುದಿನ ಮಡಿವಾಳಪ್ಪನವರು ಅದನ್ನೇ ಹಿಡಿದು ಒಳಗೆ ನಡೆದರು.

ಕಟ್ಟಡಕ್ಕೆ ವಯಸ್ಸಾದಂತೆ ಸವಕಳಿಯೆಂದು ತೆರಿಗೆಯಲ್ಲಿ ಕಡಿತ ಕೊಡುತ್ತೇವೆ. ಮೇಡಂ ಅವರಿಗೆ ನೂರು ತುಂಬಿದರೂ ಸವಕಳಿಯ ಮಾತು ಬಾರದಿರಲಿ. ಮನೆಯ ಕಟ್ಟೆಯ ಮೇಲೆ ಕೂತು, ತೆರಿಗೆ ಅರ್ಜಿ ತುಂಬಲು ಬಂದವರಿಗೆಲ್ಲ ಹೇಳಿಕೊಡುವ ಅವರ ಸಂಕಲ್ಪ ಬಹುಕಾಲ ನಡೆಯಲಿ. ಮೇಡಂ ಅವರ ಬೀಳ್ಕೊಡುಗೆಯ ಈ ಸಂಪುಟಕ್ಕಾಗಿ ಎರಡು ಮಾತು ಕೇಳಲು ಹೋದಾಗ ಚನ್ನಬಸವ್ವನವರು ಹೇಳಿದ್ದನ್ನು ಹಾಗೆಯೇ ಒಪ್ಪಿಸುತ್ತೇನೆ: “ಯಜಮಾನ್ರು ದಿನಾ ಮುಂಜಾನಿಂದ ಸಂಜೀತನಾ ಅಂಗಡ್ಯಾಗ ಇರತಾರ. ರಾತ್ರಿ ಮೊದಲಿನಂಗ ಮಹಡಿ ಹತ್ತಿ ಮಲಗತಾರ, ಹಿತ್ತಲ ಖೋಲಿ ಖಾಲಿನ ಐತಿ. ಅಕ್ಕಾರಿಗೆ ಈಗರೆ ಪುರಸೊತ್ತಾತು, ಬಂದು ನಾಕ ದಿನಾ ಇರ್ರಿ ಅಂತ ಬರೀರಿ.”